ನ್ಯೂಜಿಲೆಂಡ್‌ಗೆ ಹೊಸದಾಗಿ ಬಂದ ಕುಟುಂಬಕ್ಕೆ ಯಾವ ಏಳು ಸೀಟಿನ ಗಾಡಿ?

ಬಾಡಿಗೆ ಮನೆ ಸಿಕ್ಕಿತು, ಮಕ್ಕಳ ಸ್ಕೂಲೂ ಆಯಿತು. ಇನ್ನು ಕಾರು. ಇಬ್ಬರು ಚಿಕ್ಕ ಮಕ್ಕಳಿದ್ದು, ಊರಿಂದ ಅಪ್ಪ ಅಮ್ಮ ಬಂದು ಕೆಲವು ತಿಂಗಳು ಇರುವವರಿದ್ದರೆ ಐದು ಸೀಟು ಸಾಲುವುದಿಲ್ಲ. ಆಗ ಬಹಳ ಜನ ನೇರವಾಗಿ ಎಸ್ಟಿಮಾದಂಥ ದೊಡ್ಡ ವ್ಯಾನ್ ಹುಡುಕಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಅಪ್ಪ ಅಮ್ಮ ವಾಪಸ್ ಹೋದ ಮೇಲೂ ಆ ದೊಡ್ಡ ಗಾಡಿಗೆ ದಿನಾ ಪೆಟ್ರೋಲ್ ಹಾಕುವವರು ನೀವೇ ಅಲ್ವಾ?

ಜಪಾನ್‌ನಲ್ಲೂ ನಮ್ಮೂರಿನ ಹಾಗೆ, ಇಲ್ಲಿನ ಹಾಗೆ, ಸ್ಟೀರಿಂಗ್ ಬಲಗಡೆಗೇ. ಅದಕ್ಕೇ ಅಲ್ಲಿ ಓಡಿದ ಕಾರುಗಳು ಇಲ್ಲಿಗೆ ರಾಶಿ ರಾಶಿ ಬರುತ್ತವೆ. ಅವುಗಳಲ್ಲಿ ಟೊಯೊಟಾ ಸಿಯೆಂಟಾ, ಹೋಂಡಾ ಫ್ರೀಡ್ ಎರಡನ್ನು ಮೊದಲು ನೋಡಿ. ಸಿಯೆಂಟಾದಲ್ಲಿ 2015ರಿಂದ ಬಂದ ಮಾದರಿ, ಫ್ರೀಡ್‌ನಲ್ಲಿ 2016ರ ನಂತರದ್ದು. ಎರಡರ ಉದ್ದವೂ ಹೆಚ್ಚು ಕಡಿಮೆ 4.25 ಮೀಟರ್, ಎಂಜಿನ್ 1.5 ಲೀಟರ್. ಟೊಯೊಟಾ ವಿಶ್ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ, ಗಟ್ಟಿ ಗಾಡಿಯೂ ಹೌದು. ಆದರೆ ಅದರ ಬಾಗಿಲು ಮಾಮೂಲಿ ಕಾರಿನ ಬಾಗಿಲು. ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಮಗು ಜೋರಾಗಿ ಬಾಗಿಲು ತಳ್ಳಿದರೆ ಪಕ್ಕದ ಕಾರಿಗೆ ಗೀರು ಗ್ಯಾರಂಟಿ. ಸಿಯೆಂಟಾ, ಫ್ರೀಡ್‌ಗಳದ್ದು ಪಕ್ಕಕ್ಕೆ ಜಾರುವ ಬಾಗಿಲು. ಒಳಗಿನ ನೆಲವೂ ತಗ್ಗು. ಮಂಡಿ ನೋವಿರುವ ಅಮ್ಮ ಸೀರೆ ಉಟ್ಟುಕೊಂಡೇ ಆರಾಮಾಗಿ ಹತ್ತಿ ಕೂರುತ್ತಾರೆ. ನನ್ನ ಪ್ರಕಾರ ಈ ಗಾಡಿಗಳ ದೊಡ್ಡ ಲಾಭ ಇದೇ. ಮೈಲೇಜ್ ಆಮೇಲಿನ ಮಾತು.

ಇನ್ನು ಮೂರನೇ ಸಾಲು. ಅದು ಮಕ್ಕಳಿಗೆ ಮತ್ತು ಸಣ್ಣ ಮೈಕಟ್ಟಿನವರಿಗೆ, ಅದೂ ಹತ್ತಿರದ ಓಡಾಟಕ್ಕೆ. ಆಕ್ಲೆಂಡ್‌ನಿಂದ ಟೌಪೊವರೆಗೆ ಅಪ್ಪನನ್ನು ಅಲ್ಲಿ ಕೂರಿಸಬೇಡಿ. ಏಳೂ ಸೀಟು ತುಂಬಿದರೆ ಡಿಕ್ಕಿಯಲ್ಲಿ ತರಕಾರಿ ಚೀಲಗಳಿಗಷ್ಟೇ ಜಾಗ. ಏರ್‌ಪೋರ್ಟ್‌ಗೆ ಇಡೀ ಮನೆಯವರೆಲ್ಲ ಹೊರಟರೆ, ಬರುವವರ ಸೂಟ್‌ಕೇಸ್ ಇಡುವುದೆಲ್ಲಿ? ಒಬ್ಬರೇ ಹೋಗಿ ಕರೆದುಕೊಂಡು ಬನ್ನಿ.

ಗಾಡಿ ನೋಡಲು ಹೋಗುವಾಗ ನಿಮ್ಮ ಮಕ್ಕಳ ಸೀಟುಗಳನ್ನೂ ತೆಗೆದುಕೊಂಡು ಹೋಗಿ. ಅಲ್ಲೇ ಕೂರಿಸಿ ನೋಡಿ. ಸಿಯೆಂಟಾದ ಮೂರನೇ ಸಾಲನ್ನು ಮಡಚಿದರೆ ಅದು ಎರಡನೇ ಸಾಲಿನ ಅಡಿಗೆ ಹೋಗುತ್ತದೆ. ನೋಡಲು ಬಹಳ ಚೆಂದ, ಡಿಕ್ಕಿ ಸಮತಟ್ಟಾಗಿ ತೆರೆದುಕೊಳ್ಳುತ್ತದೆ. ಆದರೆ ಅದಕ್ಕೆ ಮೊದಲು ಎರಡನೇ ಸಾಲನ್ನು ಮುಂದಕ್ಕೆ ಮಗುಚಬೇಕು. ಅದರ ಮೇಲೆ ಎರಡು ಮಕ್ಕಳ ಸೀಟು ಬಿಗಿದಿದ್ದರೆ ಪ್ರತಿ ಸಲವೂ ಬಿಚ್ಚಿ ಕಟ್ಟಬೇಕು. ಹಿಂದಕ್ಕೆ ಹೋಗಿ ಕೂರುವುದಕ್ಕೂ ಅದೇ ಕಷ್ಟ. ಫ್ರೀಡ್‌ನ ಆರು ಸೀಟಿನ ಮಾದರಿಯಲ್ಲಿ ಎರಡನೇ ಸಾಲಿನಲ್ಲಿ ಎರಡು ಬೇರೆ ಬೇರೆ ಸೀಟುಗಳು, ನಡುವೆ ದಾರಿ. ಮಕ್ಕಳ ಸೀಟು ಇದ್ದ ಹಾಗೇ ಇರುತ್ತದೆ, ದೊಡ್ಡವರು ಮಧ್ಯದಿಂದ ಹಿಂದಕ್ಕೆ ಹೋಗಬಹುದು. ಅದರ ಹಿಂದಿನ ಸೀಟುಗಳು ಎರಡು ಪಕ್ಕಕ್ಕೆ ಮಡಚಿ ನಿಲ್ಲುವುದರಿಂದ ಡಿಕ್ಕಿಯ ಅಗಲ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಇಬ್ಬರು ಪುಟ್ಟ ಮಕ್ಕಳಿರುವ ಮನೆಗೆ ನಾನು ಏಳರ ಬದಲು ಈ ಆರು ಸೀಟಿನ ಫ್ರೀಡ್ ಅನ್ನೇ ಹೇಳುತ್ತೇನೆ. ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ಸಿಯೆಂಟಾ ಹೈಬ್ರಿಡ್. ಇಲ್ಲಿ ಬೀದಿ ಬೀದಿಯಲ್ಲಿ ಕಾಣುವ ಆಕ್ವಾ ಕಾರಿಗೂ ಅದಕ್ಕೂ ಒಂದೇ ಬಗೆಯ ಹೈಬ್ರಿಡ್ ಎಂಜಿನ್, ಹಾಗಾಗಿ ಅದರ ಕೆಲಸ ಬಲ್ಲ ಮೆಕ್ಯಾನಿಕ್ ಸಿಗುತ್ತಾರೆ. ಇನ್ನೊಂದು ವಿಷಯ, 'ಫ್ರೀಡ್ ಪ್ಲಸ್' ಅಥವಾ 'ಸಿಯೆಂಟಾ ಫನ್‌ಬೇಸ್' ಅಂತ ಬರೆದಿದ್ದರೆ ಅದಕ್ಕೆ ಮೂರನೇ ಸಾಲೇ ಇರುವುದಿಲ್ಲ.

ಇಲ್ಲಿ ಏಳು ವರ್ಷ ತುಂಬುವವರೆಗೆ ಮಕ್ಕಳನ್ನು ಒಪ್ಪಿಗೆ ಪಡೆದ ಸೀಟಿನಲ್ಲೇ ಕೂರಿಸಬೇಕು, ಅದು ಕಾನೂನು. ಮಡಿಲಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಅಜ್ಜಿಗೂ ಮೊದಲೇ ಹೇಳಿಡಿ. ಊರಿಂದ ಸೀಟು ತಂದಿದ್ದರೆ ಅದರ ಲೇಬಲ್ ತೋರಿಸಿ ಇಲ್ಲಿ ಒಪ್ಪುತ್ತಾರಾ ಅಂತ ಕೇಳಿ. ಇಲ್ಲಿ ಮಾರುವ ಕೆಲವು ಸೀಟುಗಳ ಮೇಲ್ಭಾಗದಿಂದ ಒಂದು ಪಟ್ಟಿ ಹಿಂದಕ್ಕೆ ಬಂದು ಕಾರಿನ ಕೊಂಡಿಗೆ ಸಿಕ್ಕಬೇಕು. ಜಪಾನ್‌ನಿಂದ ಬಂದ ಹಳೆಯ ಗಾಡಿಗಳಲ್ಲಿ ಆ ಕೊಂಡಿ ಎಷ್ಟೋ ಸಲ ಇರುವುದೇ ಇಲ್ಲ. ಇಲ್ಲದಿದ್ದರೆ ಡೀಲರ್ ಹತ್ತಿರ, ಹಣ ಕೊಡುವ ಮುಂಚೆಯೇ, ಹಾಕಿಸಿಕೊಡಿ ಅನ್ನಿ.

ರೇಡಿಯೊ ಹಾಕಿ ನೋಡಿ. ಜಪಾನ್‌ನಲ್ಲಿ ಎಫ್‌ಎಂ 76ರಿಂದ ಶುರುವಾಗಿ 95ಕ್ಕೆ ಮುಗಿಯುತ್ತದೆ, ಇಲ್ಲಿನ ಹೆಚ್ಚಿನ ಸ್ಟೇಷನ್‌ಗಳು ಅದರ ಮೇಲಕ್ಕೆ, ಹಾಗಾಗಿ ಆ ರೇಡಿಯೊಗೆ ಸಿಗುವುದಿಲ್ಲ. ಸ್ಕ್ರೀನ್ ಜಪಾನಿ ಭಾಷೆಯಲ್ಲೇ ಇರುತ್ತದೆ, ನಕ್ಷೆ ಜಪಾನ್‌ನದು. ಹೊಸ ಸ್ಟೀರಿಯೊ ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿದೇ ಚೌಕಾಸಿ ಮಾಡಿ.

ಡೀಲರ್ ಹತ್ತಿರ ಕೊಂಡರೆ ಗ್ರಾಹಕ ಕಾನೂನಿನ ರಕ್ಷಣೆ ಇದೆ. ಗಾಜಿಗೆ ಅಂಟಿಸಿದ ಮಾಹಿತಿ ಪತ್ರ ಪೂರ್ತಿ ಓದಿ. ಟ್ರೇಡ್ ಮಿ ಎಂಬ ಕೊಡು-ಕೊಳ್ಳುವ ವೆಬ್‌ಸೈಟಿನಲ್ಲಿ ಯಾರೋ ತಮ್ಮ ಸ್ವಂತ ಕಾರು ಮಾರುತ್ತಿದ್ದರೆ ಬೆಲೆ ಕಡಿಮೆ, ಆದರೆ ಆ ರಕ್ಷಣೆ ಇಲ್ಲ. ಗಾಡಿಯ ಮೇಲೆ ಹಳೆಯ ಸಾಲ ಉಳಿದಿದೆಯಾ ಅಂತ ಪಿಪಿಎಸ್‌ಆರ್‌ನಲ್ಲಿ, ಅಂದರೆ ಇಂಥ ಸಾಲಗಳನ್ನು ದಾಖಲಿಸುವ ಸರ್ಕಾರಿ ಆನ್‌ಲೈನ್ ಪಟ್ಟಿಯಲ್ಲಿ, ಹುಡುಕಿ. ಮಾರುವಾಗ ವಾರಂಟ್ ಆಫ್ ಫಿಟ್‌ನೆಸ್ (ಗಾಡಿ ರಸ್ತೆಗೆ ಸುರಕ್ಷಿತ ಅನ್ನುವ ತಪಾಸಣೆ ಪತ್ರ) ಒಂದು ತಿಂಗಳಿಗಿಂತ ಹಳೆಯದಿರಬಾರದು. ಆದರೆ ಅದು ಬ್ರೇಕು, ಟೈರು, ಲೈಟು ಅಂಥದ್ದನ್ನು ನೋಡುತ್ತದೆ, ಎಂಜಿನ್, ಗೇರ್‌ಬಾಕ್ಸ್ ಗಟ್ಟಿ ಇದೆ ಅಂತ ಹೇಳುವುದಿಲ್ಲ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ.

ಇನ್ಶೂರೆನ್ಸ್ ಇಲ್ಲಿ ಕಡ್ಡಾಯ ಅಲ್ಲ. ಅದನ್ನು ಕೇಳಿ ಸುಮ್ನೆ ಬಿಡಬೇಡಿ. ಅಪಘಾತದಲ್ಲಿ ಪೆಟ್ಟಾದರೆ ಚಿಕಿತ್ಸೆಗೆ ಎಸಿಸಿ ಎಂಬ ಸರ್ಕಾರಿ ಅಪಘಾತ ಪರಿಹಾರ ವ್ಯವಸ್ಥೆ ಇದೆ, ಆದರೆ ನೀವು ಗುದ್ದಿದ ಕಾರಿನ ರಿಪೇರಿಗೆ ಅದು ಬರುವುದಿಲ್ಲ. ಕನಿಷ್ಠ ಥರ್ಡ್ ಪಾರ್ಟಿ ಮಾಡಿಸಿ, ಅದೂ ಕೀ ಕೈಗೆ ಬರುವ ಮೊದಲೇ. ಅಪ್ಪ ಗಾಡಿ ಓಡಿಸುವವರಿದ್ದರೆ ಅವರ ಹೆಸರನ್ನೂ ಆಗಲೇ ಸೇರಿಸಿಬಿಡಿ.