ಗಿಡದ ಫೋಟೊ ಕಳಿಸುವ ಮುಂಚೆ: ದೂರದ ತಜ್ಞರಿಗೆ ಹೊಲ ತೋರಿಸುವುದು ಹೇಗೆ

ಒಂದು ಎಲೆಯ ಫೋಟೊ, ಕೆಳಗೆ "ಸರ್, ಯಾವ ಎಣ್ಣಿ ಹೊಡೀಬೇಕು?" ಅಂತ ಒಂದೇ ಸಾಲು. ಇಂಡಿ ತಾಲ್ಲೂಕಿನ ಯಾವ ರೈತರ ವಾಟ್ಸಾಪ್ ಗುಂಪು ತೆಗೆದರೂ ಬೆಳಗ್ಗೆ ಬೆಳಗ್ಗೆ ಇದೇ ಮೆಸೇಜು. ಸ್ವಲ್ಪ ಹೊತ್ತಿನಲ್ಲೇ ಬೇರೆ ಬೇರೆ ಔಷಧಿ ಹೆಸರು ಬಂದು ಬೀಳುತ್ತವೆ. ಕಳಿಸಿದವರು ಅದರಲ್ಲಿ ಎರಡನ್ನು ಕಲಸಿ ಹೊಡೆಯುತ್ತಾರೆ. ಗಿಡಕ್ಕೆ ಏನಾಗಿತ್ತು ಅನ್ನುವುದು ಮಾತ್ರ ಕೊನೆಗೂ ಗೊತ್ತಾಗುವುದಿಲ್ಲ.

ನಾನು ನರ್ಸ್. ಉಪಕೇಂದ್ರದಲ್ಲಿ ಕೂತು ಇ-ಸಂಜೀವನಿ ಮೂಲಕ ರೋಗಿಯನ್ನು ದೂರದ ಡಾಕ್ಟರಿಗೆ ತೋರಿಸುವುದು ನನ್ನ ಕೆಲಸದಲ್ಲಿ ಒಂದು. ಆ ಡಾಕ್ಟರಿಗೆ ಹೊಟ್ಟೆ ಮುಟ್ಟಿ ನೋಡಲಾಗದು, ವಾಸನೆ ಗೊತ್ತಾಗದು. ಹಾಗಾಗಿ ಕಾಲ್ ಹಚ್ಚುವ ಮುಂಚೆಯೇ ಜ್ವರ, ಬಿಪಿ, ನಾಡಿ, ಯಾವಾಗಿನಿಂದ, ಏನು ಗುಳಿಗೆ ತಗೊಂಡಿದ್ದಾರೆ, ಎಲ್ಲ ಬರೆದಿಟ್ಟುಕೊಳ್ಳುತ್ತೇನೆ. ಮನೆಗೆ ಬಂದರೆ ನಮ್ಮದು ನಿಂಬೆ ತೋಟ, ತೊಗರಿ, ಹಿಂಗಾರಿಗೆ ಜೋಳ, ಒಮ್ಮೊಮ್ಮೆ ಸೂರ್ಯಕಾಂತಿ. ಗಿಡದ ವಿಚಾರಕ್ಕೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಹಚ್ಚುವಾಗಲೂ ನಾನು ಇದೇ ಪದ್ಧತಿ ಇಟ್ಟುಕೊಂಡಿದ್ದೇನೆ. ಉತ್ತರ ಕೊಡುವವರು ಎಷ್ಟೇ ಜಾಣರಿರಲಿ, ನಾವು ಕಳಿಸಿದ್ದಷ್ಟೇ ಅವರ ಕಣ್ಣು. ಆ ಕಣ್ಣಿಗೆ ಒಂದೇ ಎಲೆ ಸಾಲದು. ಹೊಲ ಕಾಣಬೇಕು, ಬದು ಕಾಣಬೇಕು.

ಮೊದಲು ಫೋನ್ ಜೇಬಿನಲ್ಲೇ ಇರಲಿ

ಹೊಲದ ಸುತ್ತ ಒಂದು ಸುತ್ತು ಹಾಕಿ. ರೋಗ ಎಲ್ಲಿದೆ ಅನ್ನುವುದೇ ಅರ್ಧ ಉತ್ತರ. ಇಡೀ ಹೊಲ ಒಂದೇ ಸಮನೆ ಹಳದಿಯಾಗಿದ್ದರೆ ಅದು ಹೆಚ್ಚಾಗಿ ರೋಗವಲ್ಲ, ಪೋಷಕಾಂಶದ ಕೊರತೆ ಅಥವಾ ಹೊಡೆದ ಔಷಧಿಯ ಸುಡುವಿಕೆ. ಅಲ್ಲಲ್ಲಿ ತೇಪೆಯಾಗಿ ಶುರುವಾಗಿ ದಿನೇ ದಿನೇ ಅಗಲವಾಗುತ್ತಿದ್ದರೆ ಮಣ್ಣಿನಿಂದ ಬಂದ ರೋಗದ ಅನುಮಾನ. ಒಂದೇ ಸಾಲು ಬಾಡಿದ್ದರೆ ಮೊದಲು ಡ್ರಿಪ್ ಪೈಪ್ ಕಟ್ಟಿದೆಯಾ ನೋಡಿ. ತಗ್ಗಿನಲ್ಲಿ ಮಾತ್ರ ಇದ್ದರೆ ನೀರು ನಿಂತಿದೆ, ನಮ್ಮ ಎರೆ ಭೂಮಿಯಲ್ಲಿ ಇದು ಜಾಸ್ತಿ. ಬದುವಿನ ಕಡೆಯಿಂದ ಒಳಗೆ ಬರುತ್ತಿದ್ದರೆ ಹೊರಗಿನಿಂದ ಏನೋ ಬರುತ್ತಿದೆ ಅಂತ ಅರ್ಥ.

ಆಮೇಲೆ ಎಣಿಸಿ. "ಬಾಳ ಐತ್ರಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಡ್ಡಾದಿಡ್ಡಿ ನಡೆದು ಐದು ಕಡೆ ನಿಲ್ಲಿ. ಒಂದೊಂದು ಕಡೆ ಸಾಲಾಗಿ 20 ಗಿಡ ನೋಡಿ, ರೋಗ ಇರುವವನ್ನು ಮಾತ್ರ ಎಣಿಸಿ. ಐದೂ ಕಡೆ ಸೇರಿದರೆ 100 ಗಿಡ, ಅಂದರೆ ಸಿಕ್ಕ ಸಂಖ್ಯೆಯೇ ಶೇಕಡಾವಾರು. ಸಂಶೋಧನೆ ಮಾಡುವವರೂ ಹೆಚ್ಚುಕಡಿಮೆ ಹೀಗೇ ಎಣಿಸುತ್ತಾರೆ. ಒಂದೇ ನಿಯಮ: ಕೆಟ್ಟ ಗಿಡ ಕಂಡ ಕಡೆಗೆ ಕಾಲು ತಿರುಗಬಾರದು. ಎಲ್ಲಿ ನಿಲ್ಲಬೇಕು ಅಂತ ಮುಂಚೆಯೇ ಹೆಜ್ಜೆ ಲೆಕ್ಕ ಹಾಕಿಕೊಳ್ಳಿ. ಒಂದು ವಾರ ಬಿಟ್ಟು ಅದೇ ರೀತಿ ಮತ್ತೆ ಎಣಿಸಿದರೆ ರೋಗ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ.

ಹಳೇ ಎಲೆಯೋ, ಹೊಸ ಎಲೆಯೋ

ಇದನ್ನು ಬರೆಯದೆ ಫೋಟೊ ಕಳಿಸಲೇಬೇಡಿ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅದನ್ನು ಹಳೇ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಸತುವು, ಬೋರಾನ್ ಹಾಗೆ ಸುಲಭವಾಗಿ ಓಡಾಡುವುದಿಲ್ಲ. ಅವು ಕಡಿಮೆಯಾದರೆ ಕೆಡುವುದು ಮೇಲಿನ ಚಿಗುರು.

ನಮ್ಮ ನಿಂಬೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಚಿಗುರೆಲೆ ಪೂರ್ತಿ ತಿಳಿ ಹಳದಿ, ಆದರೆ ನರ ಮಾತ್ರ ಹಸಿರು, ಯಾರೋ ಸಣ್ಣ ಪೆನ್ನಿನಿಂದ ಬಲೆ ಬರೆದ ಹಾಗೆ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶ ಜಾಸ್ತಿ ಇರುವ, ಕ್ಷಾರದ ಭೂಮಿಯಲ್ಲಿ ಬೇರಿಗೆ ಅದು ಸಿಗುವುದಿಲ್ಲ. ಎಲೆ ಚಿಕ್ಕದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆ ಇದ್ದರೆ ಸತುವು. ಹಳೇ ಎಲೆಯ ತುದಿ ಮತ್ತು ಅಂಚು ಹಳದಿಯಾಗಿ, ತೊಟ್ಟಿನ ಹತ್ತಿರ ಮಾತ್ರ ಹಸಿರು ತ್ರಿಕೋನ ಉಳಿದಿದ್ದರೆ ಮೆಗ್ನೀಸಿಯಂ. ಮೂರಕ್ಕೂ ಜನ ಒಂದೇ ರೋಗದ ಎಣ್ಣಿ ಹೊಡೆಯುತ್ತಾರೆ. ಮೂರಕ್ಕೂ ಅದು ದಂಡ.

ಕಜ್ಜಿ ರೋಗ ಬೇರೆ. ಅದರ ಚುಕ್ಕೆ ಎಲೆಯ ಎರಡೂ ಬದಿ ಉಬ್ಬಿರುತ್ತದೆ. ಬೆರಳಾಡಿಸಿದರೆ ಗರಗರ ಅನ್ನುತ್ತದೆ, ಸುತ್ತ ಹಳದಿ ಉಂಗುರ. ಮಳೆ ಹನಿ ಸಿಡಿದು ಹರಡುವ ದುಂಡಾಣು ಇದು. ರಂಗೋಲಿ ಹುಳು ಕೊರೆದ ಗಾಯ ಇದ್ದರೆ ಇನ್ನೂ ಸಲೀಸಾಗಿ ಒಳಗೆ ಹೋಗುತ್ತದೆ. ಹಾಗಾಗಿ ಎಲೆಯಲ್ಲಿ ಹಾವಿನಂಥ ಬಿಳಿ ಗೆರೆ ಇದೆಯಾ ಅನ್ನುವುದನ್ನೂ ಬರೆಯಿರಿ.

ಸೀಳಿ, ಮುಚ್ಚಿಟ್ಟು, ಕಾದು ನೋಡುವುದು

ಕೆಲವು ಪರೀಕ್ಷೆ ಮನೆಯಲ್ಲೇ ಆಗುತ್ತವೆ. ಬಾಡಿದ ತೊಗರಿ ಗಿಡ ಸಿಕ್ಕರೆ ಮೊದಲು ಬುಡ ನೋಡಿ. ಅಲ್ಲಿಂದ ಮೇಲಕ್ಕೆ ನೇರಳೆ-ಕಂದು ಪಟ್ಟಿ ಏರಿದೆಯಾ? ಆಮೇಲೆ ಕುಡುಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ. ತೊಗಟೆ ಸರಿಸಿದರೆ ಕಟ್ಟಿಗೆಯೊಳಗೆ ಕಂದು, ಕಪ್ಪು ಗೆರೆ ಕಾಣುತ್ತದೆ. ಒಮ್ಮೊಮ್ಮೆ ಗಿಡದ ಒಂದೇ ಬದಿಯಲ್ಲಿ ಗೆರೆ ಇರುತ್ತದೆ, ಆ ಬದಿಯ ಟೊಂಗೆ ಮಾತ್ರ ಒಣಗಿರುತ್ತದೆ. ಅದು ನೆಟೆ ರೋಗ, ಫ್ಯುಸೇರಿಯಂ ಅನ್ನುವ ಶಿಲೀಂಧ್ರ. ನೀರು ಸಾಗುವ ನಾಳವನ್ನೇ ಕಟ್ಟಿಹಾಕುತ್ತದೆ, ಅದಕ್ಕೇ ಮಣ್ಣಿನಲ್ಲಿ ತೇವ ಇದ್ದರೂ ಗಿಡ ಬಾಡುತ್ತದೆ. ಕೂಳೆಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಎಲೆಯ ಮೇಲೆ ಏನು ಹೊಡೆದರೂ ಉಪಯೋಗವಿಲ್ಲ. ಮುಂದಿನ ಸಲದ ತಳಿ, ಬೀಜೋಪಚಾರ, ಬೆಳೆ ಬದಲಾವಣೆ ಬಗ್ಗೆ ಕೇಳಬೇಕು. ಅದರ ಬದಲು ಜೋರು ಮಳೆ ಆಗಿ, ಕಾಂಡದ ಮೇಲೆ ಕಪ್ಪು ಗಾಯ ಕುಸಿದು, ಗಿಡ ಅಲ್ಲೇ ಮುರಿದು ಬಿದ್ದಿದ್ದರೆ ಅದು ಬೇರೆ ಕಾಯಿಲೆ. ಸೀಳಿದ ಕಾಂಡದ ಫೋಟೊ ಇದ್ದರೆ ತಜ್ಞರು ಅಲ್ಲೇ ಬೇರ್ಪಡಿಸುತ್ತಾರೆ.

ದ್ರಾಕ್ಷಿ ಇರುವವರಿಗೆ ಇನ್ನೊಂದು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆ ಕಂಡರೆ ಆ ಎಲೆ ಕಿತ್ತು, ಒದ್ದೆ ಹತ್ತಿಯ ಜೊತೆ ಮುಚ್ಚಳದ ಡಬ್ಬಿಯಲ್ಲಿ ಇಡೀ ರಾತ್ರಿ ಇಡಿ. ಬೆಳಗ್ಗೆ ಚುಕ್ಕೆಯ ಕೆಳಬದಿಯಲ್ಲಿ ಬಿಳಿ ಬೂಸ್ಟು ಎದ್ದಿದ್ದರೆ ಡೌನಿ, ಅಂದರೆ ಬೂಜು ರೋಗ. ಎಲೆಯ ಮೇಲೆ ಬೂದಿ ಚೆಲ್ಲಿದಂತಿದ್ದು, ಬೆರಳಿನಿಂದ ಒರೆಸಿದರೆ ಬರುವುದು ಬೂದಿ ರೋಗ. ಎರಡರ ಔಷಧಿ ಬೇರೆ ಬೇರೆ. ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಆಗಿ ಎಷ್ಟು ದಿನ ಅನ್ನುವುದನ್ನು ತಪ್ಪದೆ ಹೇಳಿ, ದ್ರಾಕ್ಷಿಯಲ್ಲಿ ಎಲ್ಲ ಲೆಕ್ಕವೂ ಅಲ್ಲಿಂದಲೇ.

ದಾಳಿಂಬೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬಾಗಲಕೋಟೆ ಕಡೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಣ್ಣಿನ ಕಪ್ಪು ಚುಕ್ಕೆ ಸೀಳಿಕೊಂಡಿದೆಯಾ, ಟೊಂಗೆಯ ಗೆಣ್ಣು ಕಪ್ಪಾಗಿದೆಯಾ, ಎರಡೂ ಫೋಟೊ ಬೇಕು. ದುಂಡಾಣು ಅಂಗಮಾರಿಯ ಗುರುತು ಅವೇ.

ಬದು ಬಿಟ್ಟರೆ ಉತ್ತರ ಅರ್ಧ

ನಮ್ಮ ಮೈದುನನ ಸೂರ್ಯಕಾಂತಿಯಲ್ಲಿ ಎಲೆಯ ಒಂದು ಭಾಗ ಸುಟ್ಟಂತಾಗಿ, ಆ ಕಪ್ಪು ತೊಟ್ಟಿಗೆ ಇಳಿದು, ಕಾಂಡಕ್ಕೆ ಹತ್ತಿತ್ತು. ಕೆಲವು ಗಿಡದ ತೆನೆ ಕುತ್ತಿಗೆ ತಿರುಚಿಕೊಂಡಿತ್ತು. ಅಂಗಡಿಯಲ್ಲಿ ಬೂಸ್ಟಿನ ಔಷಧಿ ಕೊಟ್ಟಿದ್ದರು. ಫೋನಿನಲ್ಲಿ ವಿಜ್ಞಾನಿಯವರು ಮೊದಲು ಕೇಳಿದ್ದು ಗಿಡದ ಬಗ್ಗೆ ಅಲ್ಲ. "ಬದುವಿನಲ್ಲಿ ಏನು ಬೆಳೆದಿದೆ, ಅದರ ಫೋಟೊ ಕಳಿಸಿ" ಅಂದರು. ಕಳಿಸಿದೆವು. ಸೊಂಟದೆತ್ತರ ಕಾಂಗ್ರೆಸ್ ಕಸ, ಬೆಳ್ಳಗೆ ಹೂ ಬಿಟ್ಟಿತ್ತು.

ಇದು ನೆಕ್ರೋಸಿಸ್ ರೋಗ, ತಂಬಾಕು ಸ್ಟ್ರೀಕ್ ವೈರಸ್ಸಿನದು. ಸೂರ್ಯಕಾಂತಿಯಲ್ಲಿ ಇದು ಮೊದಲು ಕಂಡದ್ದು ನಮ್ಮ ರಾಜ್ಯದಲ್ಲೇ, 1997ರಲ್ಲಿ ಬಾಗೇಪಲ್ಲಿ ಕಡೆ. 2000ದಲ್ಲಿ ಅನಂತಪುರದ ಶೇಂಗಾ ಬೆಳೆಯನ್ನು ಹಾಳು ಮಾಡಿದ್ದೂ ಇದೇ ವೈರಸ್. ಸಂಶೋಧನೆಯಿಂದ ತಿಳಿದದ್ದು ಏನೆಂದರೆ, ಕಾಂಗ್ರೆಸ್ ಗಿಡದೊಳಗೆ ಈ ವೈರಸ್ ಇದ್ದರೂ ಆ ಗಿಡಕ್ಕೆ ಏನೂ ಆದಂತೆ ಕಾಣುವುದಿಲ್ಲ. ಅದರ ಪರಾಗದಲ್ಲಿ ವೈರಸ್ ಕೂತಿರುತ್ತದೆ. ಥ್ರಿಪ್ಸ್ ನುಸಿ ಆ ಪರಾಗವನ್ನು ಮೈಗೆ ಮೆತ್ತಿಕೊಂಡು ಸೂರ್ಯಕಾಂತಿ ಎಲೆಗೆ ಬರುತ್ತದೆ, ಎಲೆ ಕೆರೆದು ತಿನ್ನುತ್ತದೆ, ಆ ಗಾಯದಿಂದ ವೈರಸ್ ಒಳಗೆ. ರೋಗ ಹತ್ತಿದ ಗಿಡಕ್ಕೆ ಔಷಧಿಯೇ ಇಲ್ಲ. ಮಾಡಬೇಕಾದ್ದು ಮುಂಚೆಯೇ: ಹೂ ಬಿಡುವ ಮೊದಲು ಬದುವಿನ ಕಾಂಗ್ರೆಸ್ ಕೀಳುವುದು, ಹೊಲದ ಅಂಚಿಗೆ ಮೂರು ನಾಲ್ಕು ಸಾಲು ಜೋಳ ಬಿತ್ತಿ ಪರಾಗಕ್ಕೂ ನುಸಿಗೂ ಅಡ್ಡ ಹಾಕುವುದು. ಜೋಳದ ಸೀಮೆಯವರಿಗೆ ಇದೇನು ಕಷ್ಟ ಅಲ್ವಾ?

ತೊಗರಿಯ ಗೊಡ್ಡು ರೋಗದ ಕತೆಯೂ ಹತ್ತಿರದ್ದೇ. ಗಿಡ ಪೊದೆಯಾಗಿ ಹಸಿರಾಗೇ ಇರುತ್ತದೆ, ಹೂ ಮಾತ್ರ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬೇರೊಂದು ನುಸಿ ಅದನ್ನು ಹರಡುತ್ತದೆ. ಬೇಸಿಗೆಯಲ್ಲಿ ಬದುವಿನ ಮೇಲೆ ತಾನಾಗಿ ಉಳಿದ ಹಳೇ ತೊಗರಿ ಗಿಡವೇ ಅದರ ಮನೆ.

ಅದಕ್ಕೇ ಬದುವಿನ ಲೆಕ್ಕವನ್ನೂ ಮಾಡಿ. ನಾಲ್ಕು ಗೂಟ, ನಾಲ್ಕು ಮೀಟರ್ ಸುತಳಿ ತಗೊಂಡರೆ ಒಂದು ಮೀಟರ್ ಚೌಕ ಆಗುತ್ತದೆ. ಬದುವಿನುದ್ದಕ್ಕೆ ಹತ್ತು ಕಡೆ ಅದನ್ನು ಹಾಕಿ, ಒಳಗೆ ಯಾವ ಯಾವ ಗಿಡ ಇದೆ ಬರೆಯಿರಿ: ಕಾಂಗ್ರೆಸ್, ಎಕ್ಕ, ಶ್ರೀಮುದ್ರೆ, ತಂಗಡಿ, ಬಳ್ಳಾರಿ ಜಾಲಿ, ಕರಿಕೆ, ಹೀಗೆ. ಹತ್ತರಲ್ಲಿ ಏಳು ಚೌಕದಲ್ಲಿ ಕಾಂಗ್ರೆಸ್ ಸಿಕ್ಕರೆ ಅದರ ಆವರ್ತನ ಶೇಕಡಾ 70. ಸಸ್ಯವರ್ಗದ ಅಧ್ಯಯನದಲ್ಲಿ ಬಳಸುವ ಲೆಕ್ಕ ಇದೇ. ಹೆಸರು ಗೊತ್ತಿಲ್ಲದ ಗಿಡ ಇದ್ದರೆ ಹೂವು ಅಥವಾ ಕಾಯಿ ಇರುವ ಟೊಂಗೆಯನ್ನು ಪೇಪರಿನ ನಡುವೆ ಹರಡಿ ಭಾರ ಹೇರಿ ಇಡಿ. ಮೊದಲ ಕೆಲವು ದಿನ ಪೇಪರ್ ಬದಲಿಸಿ, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಬರೀ ಎಲೆ ನೋಡಿ ಹೆಸರು ಹೇಳುವುದು ಸಸ್ಯಶಾಸ್ತ್ರ ಓದಿದವರಿಗೂ ಕಷ್ಟ. ಕಾಂಗ್ರೆಸ್ ಕೀಳುವಾಗ ಕೈಗವಸು, ತುಂಬುತೋಳು ಇರಲಿ. ಆ ತುರಿಕೆ ಹತ್ತಿಸಿಕೊಂಡು ಬರುವವರನ್ನು ನಾನು ಪ್ರತಿ ಮಳೆಗಾಲ ನೋಡುತ್ತೇನೆ.

ಈಗ ಫೋಟೊ, ಆಮೇಲೆ ಪೊಟ್ಟಣ

ದೂರದಿಂದ ಹೊಲ, ಹತ್ತಿರದಿಂದ ಪೂರ್ತಿ ಗಿಡ, ಎಲೆಯ ಮೇಲ್ಬದಿ, ಕೆಳಬದಿ, ಬೇರು, ಕೊನೆಗೆ ಬದು. ಮಧ್ಯಾಹ್ನದ ಬಿಸಿಲು ಬೇಡ, ನಿಮ್ಮ ಮೈ ನೆರಳು ಬೀಳಿಸಿ ತೆಗೆಯಿರಿ. ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟರೆ ಚುಕ್ಕೆಯ ಅಳತೆ ತಿಳಿಯುತ್ತದೆ. ಜೊತೆಗೆ ಒಂದು ಆರೋಗ್ಯವಂತ ಎಲೆಯನ್ನೂ ಇಡಿ. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಮಾದರಿ ಕೇಳಿದರೆ ಪೂರ್ತಿ ಸತ್ತ ಗಿಡ ಒಯ್ಯಬೇಡಿ, ಅದರ ಮೇಲೆ ಕೊಳೆ ತಿನ್ನುವ ಬೂಸ್ಟುಗಳೇ ಇರುತ್ತವೆ. ಈಗಷ್ಟೇ ರೋಗ ಹತ್ತಿದ ಗಿಡ ಬೇಕು. ಕಿತ್ತರೆ ಸಣ್ಣ ಬೇರು ಮಣ್ಣಲ್ಲೇ ಉಳಿಯುತ್ತದೆ, ಅಗೆದು ತೆಗೆಯಿರಿ. ಎಲೆಯನ್ನು ಒಣ ಪೇಪರಿನಲ್ಲಿ ಸುತ್ತಿ, ನೀರು ಚಿಮುಕಿಸಬೇಡಿ. ಹೆಸರು, ಊರು, ಬೆಳೆ, ತಾರೀಖು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಕದಡುತ್ತದೆ. ಶನಿವಾರ ಕಳಿಸಿದರೆ ಭಾನುವಾರವೆಲ್ಲ ಯಾವುದೋ ಮೂಲೆಯಲ್ಲಿ ಬೇಯುತ್ತದೆ, ಸೋಮವಾರ ಕಳಿಸಿ.

ಹಿಂದಿನ 15 ದಿನ ಹೊಡೆದ ಎಲ್ಲ ಡಬ್ಬಿಗಳ ಲೇಬಲ್ ಫೋಟೊ ಕೂಡ ಇರಲಿ. ಇದು ನರ್ಸ್ ಆಗಿಯೂ ಹೇಳುತ್ತಿದ್ದೇನೆ. ಡಬ್ಬಿಯ ಮೇಲಿನ ಬಣ್ಣ ವಿಷದ ಮಟ್ಟ ಹೇಳುತ್ತದೆ: ಕೆಂಪು ಎಲ್ಲಕ್ಕಿಂತ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ಎಣ್ಣಿ ಹೊಡೆದವರಿಗೆ ಜೊಲ್ಲು ಸುರಿದು, ಬೆವೆತು, ಕಣ್ಣಪಾಪೆ ಸಾಸಿವೆಯಷ್ಟಾಗಿದ್ದರೆ ಬಟ್ಟೆ ತೆಗೆದು ಮೈ ತೊಳೆಸಿ, 108ಕ್ಕೆ ಫೋನ್ ಮಾಡಿ, ಆ ಲೇಬಲ್ ಫೋಟೊ ಡಾಕ್ಟರಿಗೆ ತೋರಿಸಿ. ತೊಳೆಯುವವರ ಕೈಗೂ ಕವಸು ಬೇಕು.

ಯಾರಿಗೆ ಕಳಿಸಬೇಕು? ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹಿಟ್ಟಿನಹಳ್ಳಿ ಮತ್ತು ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹಣ್ಣು, ತರಕಾರಿಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿ ಕಡೆಯವರಿಗೆ ಅರಭಾವಿಯ ತೋಟಗಾರಿಕೆ ಕಾಲೇಜು. ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡುತ್ತಾರೆ. ಫೋಟೊ ನೋಡಿ ರೋಗ ಹೇಳುವ ಆ್ಯಪ್‌ಗಳೂ ಇವೆ. ಮೊದಲ ಅಂದಾಜಿಗೆ ಸರಿ, ಆದರೆ ಅವಕ್ಕೆ ನಿಮ್ಮ ಬದು ಕಾಣುವುದಿಲ್ಲ.

ಉತ್ತರ ಬರುವವರೆಗೆ ಏನೂ ಹೊಡೆಯಬೇಡಿ, ಗುರುತು ಅಳಿಸಿಹೋಗುತ್ತದೆ. ಉತ್ತರ ಬಂದಾಗ ಔಷಧಿಯ ಹೆಸರಿಗೆ ಫೋನ್ ಇಡಬೇಡಿ. ಲೀಟರಿಗೆ ಎಷ್ಟು, ಬೇರೆ ಔಷಧಿ ಜೊತೆ ಕಲಸಬಹುದಾ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿ ಬರೆದುಕೊಳ್ಳಿ. ಇವು ಸಿಗದಿದ್ದರೆ ಪಂಪು ಕೆಳಗಿಳಿಸಿ, ಮತ್ತೆ ಫೋನ್ ಹಚ್ಚಿ.