ಎಂಡ್ಯೂರೋ ಬೈಕಿಗೆ ಟ್ರಯಲ್ಸ್ ಗುಣ ಕೂಡಿಸಿದ ನನ್ನ ಅನುಭವ

"ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ, ಸುಮ್ಮನೆ ಇನ್ನೊಂದು ಬೈಕು ಕೊಳ್ಳು" ಎಂದು ಜೊತೆಗಾರರು ಹೇಳುತ್ತಲೇ ಇದ್ದರು. ಎಂಡ್ಯೂರೋ ಎಂದರೆ ಕಾಡು-ಮಣ್ಣಿನ ದಾರಿಯಲ್ಲಿ ದೂರ ಓಡುವ ಬೈಕು; ಟ್ರಯಲ್ಸ್ ಎಂದರೆ ಬಂಡೆಗಳನ್ನು ಕಾಲೂರದೆ ನಿಧಾನವಾಗಿ ಹತ್ತುವ ಹಗುರ ಬೈಕು. ಅವರ ಬೈಕುಗಳು ಉಸಿರು ಕಟ್ಟಿ ನಿಲ್ಲುವ ಬಂಡೆಯ ಏರನ್ನು ನನ್ನ ಬೆರಕೆ ಬೈಕು ಈಗ ಒಂದೇ ಸಮನೆ ಹತ್ತುತ್ತದೆ.

2012ರಲ್ಲಿ ಕೆಟಿಎಂ ಫ್ರೀರೈಡ್ 350 ಬಂದಾಗಲೇ ಈ ಬೆರಕೆ ಜಾತಿಗೆ ಮನಸೋತಿದ್ದೆ. ಆಮೇಲಿನ ಎರಡು ಸ್ಟ್ರೋಕಿನ 250 ಆರ್ ಅಂತೂ ಪೆಟ್ರೋಲ್ ಬಿಟ್ಟು 92-93 ಕಿಲೋ ಮಾತ್ರ. ಹೊಸದು ಕೊಳ್ಳುವಷ್ಟು ಹಣವಿರಲಿಲ್ಲ. ಹಳೆಯ 250 ಸಿಸಿ ಎರಡು ಸ್ಟ್ರೋಕ್ ಎಂಡ್ಯೂರೋ ಕೊಂಡೆ. ಮಾರ್ಪಾಟೆಲ್ಲ ಸೇರಿದರೂ ಖರ್ಚು ಹೊಸದರ ಬೆಲೆಯ ಅರ್ಧ ದಾಟಲಿಲ್ಲ.

ಮೊದಲ ಹಣ ಹೋದದ್ದು ತೂಕ ಇಳಿಸುವುದಕ್ಕೆ. ಟೈಟಾನಿಯಂ ಬೋಲ್ಟು, ಹಗುರ ಸೈಲೆನ್ಸರ್, ಲಿಥಿಯಂ ಬ್ಯಾಟರಿ ಎಲ್ಲ ಹಾಕಿ ಮೂರು ಕಿಲೋದಷ್ಟು ಇಳಿಸಿದೆ. ಬಂಡೆಯ ಮೇಲೆ ಏನೂ ಬದಲಾಗಲಿಲ್ಲ. ಸೈಲೆನ್ಸರ್ ಮಾರಿ ಆ ಹಣವನ್ನು ಚಕ್ರಕ್ಕೆ ಹಾಕಿದೆ.

ಹಿಂದಕ್ಕೆ 4.00-18 ಟ್ರಯಲ್ಸ್ ಟೈರ್. ಟ್ಯೂಬ್ ಇಟ್ಟು 8 ಪಿಎಸ್‌ಐಗೆ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಕತ್ತರಿಸುತ್ತಿತ್ತು. ಹಾಳಾದ ಟ್ಯೂಬುಗಳ ದುಡ್ಡಿನಲ್ಲಿ ಇನ್ನೊಂದು ಟೈರ್ ಬರುತ್ತಿತ್ತು. ಕೊನೆಗೆ ಟ್ಯೂಬಿನ ಬದಲು ಟ್ಯೂಬ್ಲಿಸ್ ಎಂಬ ಒಳಚೀಲದ ಜೋಡಣೆ ಹಾಕಿದೆ: ಒಳಚೀಲದ ಸುಮಾರು 100 ಪಿಎಸ್‌ಐ ಗಾಳಿ ಟೈರಿನ ಅಂಚನ್ನು ರಿಮ್ಮಿಗೆ ಒತ್ತಿಹಿಡಿಯುತ್ತದೆ, ಹೊರಗಿನ ಟೈರಿಗೆ 5-6 ಸಾಕು. ಟೈರ್ ಬಂಡೆಯನ್ನು ಹಲ್ಲಿಯ ಪಾದದ ಹಾಗೆ ಕಚ್ಚಿಕೊಳ್ಳುತ್ತದೆ. ಒಳಚೀಲದ ಗಾಳಿಯನ್ನು ಪ್ರತಿ ಸಲ ಹೊರಡುವ ಮುಂಚೆ ನೋಡಲೇಬೇಕು. ಮುಂದಕ್ಕೂ ಟ್ರಯಲ್ಸ್ ಟೈರ್ ಹಾಕಿ ನೋಡಿದೆ. ಸಡಿಲ ಮಣ್ಣಿನ ತಿರುವಿನಲ್ಲಿ ಜಾರಿತು. ಅಲ್ಲಿ ಮೆದು ರಬ್ಬರಿನ ಎಂಡ್ಯೂರೋ ಟೈರೇ ಸರಿ.

ಜೇಡಿಮಣ್ಣಿನಲ್ಲಿ ಟ್ರಯಲ್ಸ್ ಟೈರ್ ತುಂಬಿಕೊಂಡು ನುಣ್ಣಗಾಗುತ್ತದೆ ಎಂಬ ಮಾತು ನಿಜ. ಹಳೆಯದೊಂದರಲ್ಲಿ ಮೇಲಿನ ರಬ್ಬರ್ ಗುಬುಟುಗಳನ್ನು ಒಂದು ಬಿಟ್ಟು ಒಂದು ಕೊಯ್ದು ನೋಡಿದೆ. ಮಣ್ಣೇನೋ ಉದುರಿತು, ಆದರೆ ಉಳಿದ ಗುಬುಟುಗಳು ಬುಡದಿಂದ ಹರಿದವು. ಆ ಆಸೆ ಬಿಟ್ಟೆ.

ನಿಜವಾದ ಗೆಲುವು ಫ್ಲೈವೀಲಿನದು, ಅಂದರೆ ಎಂಜಿನ್ನನ್ನು ಒಂದೇ ಸಮನೆ ತಿರುಗಿಸುವ ಭಾರದ ಚಕ್ರದ್ದು. ಇಳಿಸಿದ ಮೂರು ಕಿಲೋದಿಂದ ಆಗದ್ದು ಕ್ರ್ಯಾಂಕಿನ ತುದಿಗೆ ಸೇರಿಸಿದ ಮುನ್ನೂರು ಗ್ರಾಂನಿಂದ ಆಯಿತು. ಎಂಜಿನ್ ಗಕ್ಕನೆ ಆರುವುದು ನಿಂತಿತು, ಚಕ್ರ ಸುಮ್ಮನೆ ತಿರುಗುವುದು ತಗ್ಗಿತು. ಜೊತೆಗೆ ಚೈನ್ ಸುತ್ತುವ ಸ್ಪ್ರಾಕೆಟ್ಟುಗಳ ಹಲ್ಲು ಮುಂದೆ 13, ಹಿಂದೆ 50 ಇದ್ದದ್ದನ್ನು 12-52 ಮಾಡಿದೆ. ಮೊದಲ ಗೇರ್ ನಡಿಗೆಯ ವೇಗಕ್ಕೆ ಇಳಿಯಿತು. ಮುಂದಿನ ಸ್ಪ್ರಾಕೆಟ್ ಚಿಕ್ಕದಾದ್ದರಿಂದ ಸ್ವಿಂಗ್ ಆರ್ಮಿನ ಮೇಲಿನ ಚೈನ್ ಪಟ್ಟಿ ಬೇಗ ಸವೆಯುತ್ತದೆ. ಅದೇನು ದೊಡ್ಡ ಖರ್ಚಲ್ಲ.

ಕಾರ್ಬ್ಯುರೇಟರಿನ ಜೆಟ್ಟು ಮತ್ತು ಸೂಜಿಯ ಲೆಕ್ಕವನ್ನು ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ, ಬಹಳ ಕಷ್ಟಪಟ್ಟು ಕಂಡುಕೊಂಡದ್ದು. ಫೋರ್ಕಿನ ಸ್ಪ್ರಿಂಗನ್ನು ಒಂದು ಹಂತ ಮೃದು ಮಾಡಿದ್ದೇನೆ. ಇನ್ನು ಕಾಲಿಡುವ ಫುಟ್‌ಪೆಗ್ಗುಗಳನ್ನು ಎರಡು ಸೆಂಟಿಮೀಟರ್‌ನಷ್ಟು ಹಿಂದೆ ಸರಿಸಬೇಕು. ಬ್ರಾಕೆಟ್ ಕತ್ತರಿಸಿ ಇಟ್ಟಿದ್ದೇನೆ, ವೆಲ್ಡಿಂಗ್ ಬಾಕಿ.