ಆಟದ ಲೋಕಕ್ಕೆ ದೊರೆಗಳನ್ನು ತಂದ ನನ್ನ ಅನುಭವ

ನಮ್ಮದು ರೋಲ್‌ಪ್ಲೇ ಗುಂಪು: ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಆಡುತ್ತೇವೆ; ಆಟ ನಡೆಸುವುದು ನಾನು. ಮೊದಲ ಸಲ ಆ ಗುಂಪಿಗೆ ಒಂದು ಫ್ಯಾಂಟಸಿ ಲೋಕ ಕಟ್ಟಿದಾಗ ಉದ್ದದ ಪಟ್ಟಿ ಬರೆದಿದ್ದೆ. ರಾಜ, ಅವನ ಕೆಳಗೆ ದರ್ಜೆಯ ಪ್ರಕಾರ ಡ್ಯೂಕ್, ಅರ್ಲ್, ಬ್ಯಾರನ್, ಕೊನೆಗೆ ಕುದುರೆ ಸವಾರ ಯೋಧ ನೈಟ್. ಎಲ್ಲರಿಗೂ ಲಾಂಛನ, ವಂಶಾವಳಿ. ಎರಡನೇ ಸೆಷನ್‌ನಲ್ಲೇ ಆಟಗಾರರು ಡ್ಯೂಕ್ ಎದುರು ನಿಂತು ಚೌಕಾಸಿಗೆ ಇಳಿದರು. ತಪ್ಪು ಅವರದ್ದಲ್ಲ. ಆ ಡ್ಯೂಕ್‌ಗೂ ಸಂತೆಯ ವ್ಯಾಪಾರಿಗೂ ಬಿರುದು ಬಿಟ್ಟರೆ ನಾನು ಬೇರೆ ವ್ಯತ್ಯಾಸವನ್ನೇ ಇಟ್ಟಿರಲಿಲ್ಲ.

ಆಮೇಲೆ ಮಧ್ಯಯುಗದ ಯುರೋಪಿನ ಬಗ್ಗೆ ಓದತೊಡಗಿದೆ. ಬಿರುದುಗಳಿಂದ ಜಾಸ್ತಿ ಉಪಯೋಗವಾಗಲಿಲ್ಲ. ಇಂಗ್ಲೆಂಡಿನಲ್ಲಿ ಡ್ಯೂಕ್ ಪದವಿ ಶುರುವಾದದ್ದೇ ಮಧ್ಯಯುಗದ ಕೊನೆಯ ಭಾಗದಲ್ಲಿ, 1337ರಲ್ಲಿ. ನನಗೆ ದಾರಿ ತೋರಿಸಿದ್ದು ಕೊಡು-ಕೊಳ್ಳುವ ಲೆಕ್ಕ. ಭೂಮಿ ಪಡೆದ ನೈಟ್ ವರ್ಷಕ್ಕೆ ಸಾಮಾನ್ಯವಾಗಿ 40 ದಿನ ದಂಡಿಗೆ ಹೋಗಬೇಕಿತ್ತು, ಇಲ್ಲವೇ ಬದಲಿಗೆ ಹಣ ಕಟ್ಟಬೇಕಿತ್ತು. ಎಷ್ಟೋ ಕಡೆ ರೈತ ತನ್ನ ಕಾಳನ್ನು ದೊರೆಯ ಗಿರಣಿಯಲ್ಲೇ ಬೀಸಿಸಿ, ಅದರಲ್ಲೊಂದು ಪಾಲು ಅಲ್ಲೇ ಬಿಟ್ಟು ಬರಬೇಕಿತ್ತು. ದೊರೆಯ ನೆಲಕ್ಕೆ ಕಟ್ಟುಬಿದ್ದ ರೈತ ಸತ್ತರೆ ಅವನ ಕೊಟ್ಟಿಗೆಯ ಒಳ್ಳೆಯ ದನ ದೊರೆಗೆ ಹೋಗುತ್ತಿತ್ತು. ಮಗಳ ಮದುವೆಗೂ ದೊರೆಗೆ ದುಡ್ಡು ಕೊಡಬೇಕು.

ಹಳೇ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಪ್ರತಿ ಪಾತ್ರಕ್ಕೂ ಎರಡೇ ಸಾಲು ಬರೆದುಕೊಂಡೆ: ಮೇಲಿನವರಿಗೆ ಏನು ಕೊಡಬೇಕು, ಕೆಳಗಿನವರಿಂದ ಏನು ಬರಬೇಕು.

ನಮ್ಮ ಗುಂಪಿನಲ್ಲಿ ಒಬ್ಬಳು ಬ್ಯಾರನ್‌ನ ಮಗಳು, ಇನ್ನೊಬ್ಬ ಅದೇ ಬ್ಯಾರನ್‌ನ ಹಳ್ಳಿಯ ಬಿಲ್ಲುಗಾರ. ಮೂರು ತಿಂಗಳಿಂದ ಒಟ್ಟಿಗೆ ಕಾಡು ಅಲೆದು ಗೆಳೆಯರಾಗಿದ್ದವರು. ಬಿಲ್ಲುಗಾರನ ಅಪ್ಪ ತೀರಿಕೊಂಡ ಸುದ್ದಿ ಬಂತು, ಎಲ್ಲರೂ ಅವನ ಮನೆಗೆ ಹೋದರು. ಕೊಟ್ಟಿಗೆಯಲ್ಲಿ ಬ್ಯಾರನ್‌ನ ಕಾರಭಾರಿ ನಿಂತಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕರಾವಿನ ಹಸು. ಮಗಳನ್ನು ಕಂಡವನೇ ತಲೆ ಬಾಗಿಸಿದ. “ತಾವು ಇಲ್ಲಿಗೆ ಬರಬಾರದಿತ್ತು ಒಡತಿ, ಕೆಸರಿದೆ.” ಅದೇ ಉಸಿರಿನಲ್ಲಿ ಬಿಲ್ಲುಗಾರನಿಗೆ, “ಏಯ್, ಆ ಕಡೆ ಸರಿಯೋ.”

ಕನ್ನಡದಲ್ಲಿ ಆಡುವ ನಮಗೆ ಇದೊಂದು ದೊಡ್ಡ ವರ. ತಾವು, ನೀವು, ನೀನು, ಏಯ್. ಯಾರು ಮೇಲೆ, ಯಾರು ಕೆಳಗೆ ಅಂತ ನಾನು ವಿವರಿಸಬೇಕಾಗಿಯೇ ಇಲ್ಲ. ಅವತ್ತು ಆ ಎರಡು ಮಾತಿಗೇ ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು.

ಮಗಳು ಹಸು ಬಿಡಿಸಲು ಹೇಳಿದಳು. ಕಾರಭಾರಿ ಹಗ್ಗ ಬಿಟ್ಟ, ಜೊತೆಗೆ ಲೆಕ್ಕವನ್ನೂ ಮುಂದಿಟ್ಟ. ಅರ್ಲ್‌ಗೆ ಅವಳಪ್ಪ ಮೂವರು ನೈಟ್‌ಗಳನ್ನು ಕಳಿಸಬೇಕು, ಅವರ ಕುದುರೆ-ಕವಚದ ಖರ್ಚು ಇಂಥ ಹಸುಗಳಿಂದಲೇ ಬರಬೇಕು. ಇವತ್ತು ಈ ಮನೆಗೆ ಬಿಟ್ಟರೆ ನಾಳೆ ಉಳಿದ ಮನೆಯವರೂ ಕೇಳುತ್ತಾರೆ. ಆಕೆ ತುಂಬಾ ಹೊತ್ತು ಯೋಚಿಸಿ, “ಹಾಗಾದ್ರೆ ನನ್ನ ಕುದುರೆ ಯಾರ ಮನೆಯಿಂದ ಬಂತು?” ಅಂದಳು. ಅವಳ ಪಕ್ಕ ನಿಂತಿದ್ದ ಬಿಲ್ಲುಗಾರ ಉತ್ತರ ಕೊಡಲಿಲ್ಲ. ಆ ಸೆಷನ್ ಮುಗಿಯುವವರೆಗೂ ಯಾರೂ ದಾಳ ಮುಟ್ಟಲಿಲ್ಲ. ನಾನು ಆಡಿಸಿದ್ದರಲ್ಲಿ ನನಗೆ ತುಂಬಾ ಇಷ್ಟವಾದ ಸೆಷನ್ ಅದು.

ಒಂದು ಎಚ್ಚರಿಕೆ ಮಾತ್ರ ತಪ್ಪಿಸಬೇಡಿ. ಮೇಲು-ಕೀಳಿನ ಆಟ ಕೆಲವರಿಗೆ ನಿಜ ಬದುಕಿನ ಗಾಯವನ್ನು ಕೆದಕಬಹುದು. ಬಿಲ್ಲುಗಾರನನ್ನು ಆಡುತ್ತಿದ್ದವನ ಹತ್ತಿರ ಒಂದು ವಾರ ಮೊದಲೇ ಮಾತಾಡಿ, ಯಾವ ಮಾತು ಬೇಡ, ಎಲ್ಲಿ ನಿಲ್ಲಿಸಬೇಕು ಅಂತ ಕೇಳಿಕೊಂಡಿದ್ದೆ. ಒಪ್ಪಿಗೆ ಇಲ್ಲದೆ ಯಾರನ್ನೂ ಕೆಳಗೆ ನಿಲ್ಲಿಸಬಾರದು.

ಬಟ್ಟೆಯ ಕಾನೂನನ್ನೂ ತಂದೆ. ಯಾವ ದರ್ಜೆಯವರು ಏನು ಉಡಬಹುದು ಅಂತ ಇಂಗ್ಲೆಂಡ್ 1363ರಲ್ಲಿ ಕಾನೂನು ಮಾಡಿತ್ತು. ನಮ್ಮ ಆಟದಲ್ಲಿ ಅದು ಒಬ್ಬ ಶ್ರೀಮಂತ ವ್ಯಾಪಾರಿಯ ತುಪ್ಪಳದ ಕೋಟಿನ ಜಗಳವಾಗಿ ಒಂದು ಸಂಜೆ ನಡೆಯಿತು, ಅಷ್ಟೇ.

ಅದಕ್ಕಿಂತ ಚೆನ್ನಾಗಿ ಕೂತದ್ದು ಇನ್ನೊಂದು ನಿಯಮ. ಯುರೋಪಿನ ಹಲವು ಪಟ್ಟಣಗಳಲ್ಲಿ, ಓಡಿಬಂದ ರೈತ ಒಂದು ವರ್ಷ ಒಂದು ದಿನ ಸಿಕ್ಕಿಬೀಳದೆ ಉಳಿದರೆ ಅವನು ಸ್ವತಂತ್ರ. ಬಿಲ್ಲುಗಾರ ತನ್ನ ತಂಗಿಯನ್ನು ರಾತ್ರೋರಾತ್ರಿ ಪಟ್ಟಣಕ್ಕೆ ಸಾಗಿಸಿದ. ಬ್ಯಾರನ್‌ನ ಮಗಳೇ ಕುದುರೆ ಕೊಟ್ಟಳು. ಅಂದಿನಿಂದ ಮೇಜಿನ ಮೇಲೆ ಒಂದು ಕ್ಯಾಲೆಂಡರ್ ಇದೆ, ಪ್ರತಿ ಸೆಷನ್‌ಗೂ ದಿನ ಹೊಡೆದು ಹಾಕುತ್ತೇವೆ. ಇನ್ನು 58 ದಿನ ಬಾಕಿ. ಕಳೆದ ವಾರ ಕಾರಭಾರಿಯ ಆಳೊಬ್ಬ ಪಟ್ಟಣದ ಬಾಗಿಲಲ್ಲಿ ಕಾಣಿಸಿಕೊಂಡಿದ್ದಾನೆ.